ಬದಲಾಯಿಸದ ಫ್ಯೂಯಲ್ ಪಂಪ್‌ಗೆ 6,800 ರೂಪಾಯಿ ಕೊಟ್ಟೆ, ನೀವು ಕೊಡಬೇಡಿ

ಮೊದಲೇ ಹೇಳಿಬಿಡುತ್ತೇನೆ. ಬೈಕ್ ಸೆಲ್ಫ್ ಹೊಡೆದರೆ ಗಿರ್ರನೆ ತಿರುಗುತ್ತದೆ, ಆದರೆ ಸ್ಟಾರ್ಟ್ ಆಗುತ್ತಿಲ್ಲ ಅಂದರೆ, ನೋಡಿದ ಐದೇ ನಿಮಿಷಕ್ಕೆ "ಪಂಪ್ ಹೋಗಿದೆ ಸರ್" ಅನ್ನುವವರ ಹತ್ತಿರ ಗಾಡಿ ಬಿಟ್ಟು ಬರಬೇಡಿ. ನಾನು ಬಿಟ್ಟು ಬಂದೆ. 6,800 ರೂಪಾಯಿ ಹೋಯಿತು. ದುಡ್ಡು ಹೋಗಿದ್ದಕ್ಕಿಂತ, ಮೋಸ ಮಾಡಿದವನಿಗೇ ನಾನು ಥ್ಯಾಂಕ್ಸ್ ಹೇಳಿ ಬಂದೆನಲ್ಲ, ಅದು ಈಗಲೂ ಉರಿಯುತ್ತಿದೆ.

ನಡೆದದ್ದು ಶಿವಮೊಗ್ಗದಲ್ಲಿ. ಆಯುಧಪೂಜೆಗೆ ಎಲ್ಲರ ಹಾಗೆ ನಾನೂ ಗಾಡಿಯನ್ನು ವಾಟರ್ ಸರ್ವಿಸ್‌ಗೆ ಕೊಟ್ಟಿದ್ದೆ. ಸಾಲಿನಲ್ಲಿ ಇಪ್ಪತ್ತು ಗಾಡಿ, ಹುಡುಗನಿಗೂ ಅವಸರ. ಇಂಜಿನ್ ಸಂದಿಗೆಲ್ಲ ಪ್ರೆಶರ್ ಪೈಪ್ ಹಿಡಿದು ನೀರು ಹೊಡೆದ. ತಳ್ಳಿಕೊಂಡು ಬಂದು ಮನೆ ಮುಂದೆ ನಿಲ್ಲಿಸಿ, ಹೂವು ಹಾಕಿ, ನಿಂಬೆಹಣ್ಣು ಇಟ್ಟು ಪೂಜೆ ಮಾಡಿದ್ದಾಯಿತು. ಮರುದಿನ ವಿಜಯದಶಮಿ. ಅಮ್ಮನನ್ನು ಕೂರಿಸಿಕೊಂಡು ತೀರ್ಥಹಳ್ಳಿಗೆ ಹೊರಡಬೇಕು. ಸೆಲ್ಫ್ ಹೊಡೆದೆ. ತಿರುಗಿತು. ಸ್ಟಾರ್ಟ್ ಆಗಲಿಲ್ಲ. ಮತ್ತೆ ಹೊಡೆದೆ. ಮತ್ತೆ. ಅಮ್ಮ ಸೀರೆ ಸೆರಗು ಸಿಕ್ಕಿಸಿಕೊಂಡು, ಬ್ಯಾಗ್ ಹಿಡಿದು ಗೇಟಿನ ಹತ್ತಿರ ನಿಂತೇ ಇದ್ದರು. ಕೊನೆಗೆ ಅವರನ್ನು ಬಸ್ಸಿಗೆ ಹತ್ತಿಸಿದೆ.

ಸೈಲೆನ್ಸರ್ ಹತ್ತಿರ ಪೆಟ್ರೋಲ್ ವಾಸನೆ ಗಮ್ಮೆಂದು ಬರುತ್ತಿತ್ತು. ಇದನ್ನು ನೆನಪಿಡಿ, ಆಮೇಲೆ ಹೇಳುತ್ತೇನೆ.

ಪೂಜೆಯ ರಜೆ, ಮಾಮೂಲಿ ಮೆಕ್ಯಾನಿಕ್ ಊರಲ್ಲಿರಲಿಲ್ಲ. ಅದಕ್ಕೇ ತೆರೆದಿದ್ದ ಬೇರೆ ಗ್ಯಾರೇಜಿಗೆ ತಳ್ಳಿಕೊಂಡು ಹೋದೆ. ಅವನು ಕೀ ಆನ್ ಮಾಡಿದ, ಎರಡು ಸಲ ಸೆಲ್ಫ್ ಹೊಡೆದ, ಅಷ್ಟೇ. ಪೆಟ್ರೋಲ್‌ಗೆ ಕಿಡಿ ಕೊಡುವ ಪ್ಲಗ್ ಬಿಚ್ಚಲಿಲ್ಲ. ಅದಕ್ಕೆ ಕರೆಂಟ್ ಮುಟ್ಟಿಸುವ ಪ್ಲಗ್ ಕ್ಯಾಪ್ ಮುಟ್ಟಲೂ ಇಲ್ಲ. "ಬಿಎಸ್-6 ಗಾಡಿ ಅಲ್ವಾ ಸರ್, ಫ್ಯೂಯಲ್ ಪಂಪ್ ಹೋಗಿದೆ" ಅಂದ.

ನಾನು ಪೂರ್ತಿ ಏನೂ ಗೊತ್ತಿಲ್ಲದವನೇನಲ್ಲ. ಬಿಎಸ್-6 ಅಂದರೆ ಹೊಸ ಹೊಗೆ ನಿಯಮದ ಗಾಡಿ, ಅದರಲ್ಲಿ ಟ್ಯಾಂಕಿನೊಳಗಿನ ಪಂಪ್ ಪೆಟ್ರೋಲನ್ನು ಒತ್ತಿ ಇಂಜೆಕ್ಟರ್‌ಗೆ ಕಳಿಸುತ್ತದೆ, ಇಂಜೆಕ್ಟರ್ ಅದನ್ನು ಇಂಜಿನ್‌ಗೆ ಚಿಮ್ಮಿಸುತ್ತದೆ. ಇಂಥ ಇಂಜೆಕ್ಷನ್ ಗಾಡಿಯಲ್ಲಿ ಕೀ ಆನ್ ಮಾಡಿದ ಕೂಡಲೇ ಎರಡು ಮೂರು ಸೆಕೆಂಡ್ ಟ್ಯಾಂಕ್ ಒಳಗಿಂದ ಗುಂಯ್ ಅನ್ನುತ್ತದಲ್ಲ, ಅದು ಪಂಪಿನ ಸದ್ದು. "ಸೌಂಡ್ ಬರ್ತಾ ಇದೆಯಲ್ಲ?" ಅಂತ ಕೇಳಿದೆ ಕೂಡ. ಅದಕ್ಕೆ ಅವನು, "ಸೌಂಡ್ ಬಂದ್ರೆ ಪ್ರೆಶರ್ ಇದೆ ಅಂತ ಏನಿಲ್ಲ ಸರ್" ಅಂದ. ಆ ಮಾತು ಸುಳ್ಳಲ್ಲ. ಪಂಪ್ ಸದ್ದು ಮಾಡಿಯೂ ಪ್ರೆಶರ್ ಕೊಡದೆ ಇರಬಹುದು. ಆ ಒಂದು ನಿಜದ ಮಾತಿಗೇ ನಾನು ಬಿದ್ದೆ. ಇಷ್ಟು ತಿಳಿದವನು ಅಂತ ನಂಬಿಬಿಟ್ಟೆ.

ಎರಡು ದಿನ ಗಾಡಿ ಅಲ್ಲೇ ಇತ್ತು. ಮೂರನೇ ದಿನ ಫೋನ್. "ರೆಡಿ ಇದೆ ಸರ್, ಬನ್ನಿ." ಹೋದೆ. ಒಂದೇ ಸೆಲ್ಫಿಗೆ ಸ್ಟಾರ್ಟ್ ಆಯಿತು. ಬಿಳಿ ಚೀಟಿಯಲ್ಲಿ ಪೆನ್ನಿನಿಂದ ಬರೆದು ಕೊಟ್ಟ: ಪಂಪ್ 4,800, ಸ್ಕ್ಯಾನಿಂಗ್ 500, ಇಂಜೆಕ್ಟರ್ ಕ್ಲೀನಿಂಗ್ 600, ಲೇಬರ್ 900. ಮೇಲೆ ಅಂಗಡಿ ಹೆಸರಿಲ್ಲ, ಕೆಳಗೆ ಸಹಿ ಇಲ್ಲ. ಹಳೇ ಪಂಪ್ ಎಲ್ಲಿ ಅಂದೆ. "ಗುಜರಿಗೆ ಹಾಕಿದ್ವಿ ಸರ್, ಅದನ್ನ ಇಟ್ಕೊಂಡು ಏನ್ ಮಾಡ್ತೀರಾ?" ಅಂತ ನಕ್ಕ. ನಾನೂ ನಕ್ಕೆ. ಫೋನ್‌ಪೇ ಮಾಡಿದೆ. ಥ್ಯಾಂಕ್ಸ್ ಹೇಳಿದೆ.

ಇಪ್ಪತ್ತು ದಿನ ಕಳೆಯಿತು. ದೀಪಾವಳಿಗೆ ಊರಿಗೆ ಹೊರಟಿದ್ದೆ. ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರು ದಾಟುವಾಗ ಮಳೆ ಹಿಡಿಯಿತು. ಮಂಡಗದ್ದೆ ಹತ್ತಿರ ಬರುವಷ್ಟರಲ್ಲಿ ಗಾಡಿ ಬಿಕ್ಕಳಿಸಿ ಬಿಕ್ಕಳಿಸಿ ನಿಂತೇಹೋಯಿತು. ಸೆಲ್ಫ್ ತಿರುಗುತ್ತದೆ, ಸ್ಟಾರ್ಟ್ ಇಲ್ಲ. ಅದೇ! ಮೂರು ವಾರದ ಹಿಂದಿನ ಅದೇ ಕಥೆ. 6,800 ಕೊಟ್ಟ ಮೇಲೆ ಅದೇ ಕಥೆ.

ನೆನೆದುಕೊಂಡು ತಳ್ಳುತ್ತಾ ಹೋದಾಗ ರಸ್ತೆ ಬದಿಯಲ್ಲಿ ಒಂದು ಸಣ್ಣ ಅಂಗಡಿ ಸಿಕ್ಕಿತು. ವಯಸ್ಸಾದವರೊಬ್ಬರು ಟ್ಯೂಬಿಗೆ ಪಂಕ್ಚರ್ ಹಾಕುತ್ತಾ ಕೂತಿದ್ದರು. "ಪಂಪ್ ಹೊಸದು, ಆದ್ರೂ ಹೀಗೆ" ಅಂದೆ. ಅವರು ಅದಕ್ಕೆ ಉತ್ತರವನ್ನೇ ಕೊಡಲಿಲ್ಲ. ಸೀದಾ ಪ್ಲಗ್ ಕ್ಯಾಪ್ ಎಳೆದರು. ಕ್ಯಾಪ್ ತಲೆಕೆಳಗೆ ಮಾಡಿದರೆ ಒಂದು ಹನಿ ನೀರು ಅವರ ಅಂಗೈ ಮೇಲೆ ಬಿತ್ತು. ಒಳಗಿನ ಹಿತ್ತಾಳೆ ತುದಿ ಹಸಿರು ಹಿಡಿದಿತ್ತು. ಕ್ಯಾಪಿನ ಬಾಯಿಯ ರಬ್ಬರ್ ಸೀಳಿತ್ತು. ಆಮೇಲೆ ಪ್ಲಗ್ ಬಿಚ್ಚಿ ನನ್ನ ಮೂಗಿಗೇ ಹಿಡಿದರು.

"ಮೂಸಿ ನೋಡು ಮಾರಾಯ. ಪೆಟ್ರೋಲಲ್ಲಿ ಅದ್ದಿ ತೆಗ್ದ ಹಾಗಿದೆ. ಪಂಪ್ ಹೋಗಿದ್ರೆ ಈ ಪೆಟ್ರೋಲ್ ಎಲ್ಲಿಂದ ಬಂತು?"

ಸೈಲೆನ್ಸರ್ ಹತ್ತಿರದ ವಾಸನೆ ನೆನಪಾಗಿದ್ದು ಆಗ. ಪೆಟ್ರೋಲ್ ಬರುತ್ತಲೇ ಇತ್ತು, ಅವತ್ತೂ ಬರುತ್ತಿತ್ತು. ಬಾರದೆ ಇದ್ದದ್ದು ಕರೆಂಟ್. ನೀರು ಹೊಕ್ಕ ಕ್ಯಾಪಿನಿಂದ ಕರೆಂಟ್ ಇಂಜಿನ್ನಿನ ಲೋಹಕ್ಕೆ ಸೋರಿಹೋಗುತ್ತಿತ್ತು, ಪ್ಲಗ್ಗಿನ ತುದಿಯಲ್ಲಿ ಕಿಡಿ ಬೀಳುತ್ತಿರಲಿಲ್ಲ. ಅವನ ಗ್ಯಾರೇಜಿನಲ್ಲಿ ಎರಡು ದಿನ ನಿಂತಾಗ ಆ ನೀರು ತಾನಾಗೇ ಒಣಗಿದೆ, ಗಾಡಿ ತಾನಾಗೇ ಸ್ಟಾರ್ಟ್ ಆಗಿದೆ. ಅದಕ್ಕೆ ನಾನು ದುಡ್ಡು ಕೊಟ್ಟಿದ್ದೇನೆ.

"ಪಂಪ್ ಹೊಸದು ಅಂದ್ಯಲ್ಲ, ನೋಡಣ" ಅಂತ ಅವರೇ ಸೀಟ್ ತೆಗೆದು, ಟ್ಯಾಂಕಿನ ಬೋಲ್ಟ್ ಸಡಿಲಿಸಿ ಸ್ವಲ್ಪ ಎತ್ತಿ ಹಿಡಿದರು. ಅಡಿಗೆ ನನ್ನ ಮೊಬೈಲ್ ಟಾರ್ಚ್ ಬಿಟ್ಟೆ. ಪಂಪ್ ಕೂರಿಸಿದ ಪ್ಲೇಟಿನ ಸುತ್ತಲಿನ ನಟ್‌ಗಳ ಮೇಲೆ ನಮ್ಮೂರಿನ ಕೆಮ್ಮಣ್ಣು ಗಟ್ಟಿಯಾಗಿ ಕೂತಿತ್ತು. ಮೂರು ವಾರದ ಧೂಳಲ್ಲ ಅದು. ಎರಡು ಮಳೆಗಾಲದ ಮಣ್ಣು, ಒಣಗಿ ಹೆಪ್ಪುಗಟ್ಟಿದ್ದು. ಒಂದು ನಟ್ ಮೇಲೆ ಕಂಪನಿಯಲ್ಲಿ ಎಳೆದ ಹಳದಿ ಗೆರೆ, ನಟ್‌ನಿಂದ ಪ್ಲೇಟಿಗೆ ಒಂದಿಷ್ಟೂ ಮುರಿಯದೆ ಹಾಗೇ ಇತ್ತು.

"ಇದಕ್ಕೆ ಸ್ಪ್ಯಾನರ್ ಬಿದ್ದೇ ಇಲ್ಲ" ಅಂದರು ಅವರು. ನನಗೆ ಮಾತೇ ಹೊರಡಲಿಲ್ಲ. ಆ ಮಳೆಯಲ್ಲಿ ಕಿವಿ ಬಿಸಿಯಾಯಿತು.

ಹೊಸ ಕ್ಯಾಪ್ ಹಾಕಿ, ಪ್ಲಗ್ ಒರೆಸಿ ಒಣಗಿಸಿ ಸ್ಟಾರ್ಟ್ ಮಾಡಿ ಕೊಟ್ಟರು. 250 ರೂಪಾಯಿ.

ಅಲ್ಲೇ ನಿಂತು ಫೋಟೋ ತೆಗೆದು ಗ್ಯಾರೇಜಿನವನಿಗೆ ಕಳಿಸಿದೆ. ಫೋನ್ ಎತ್ತಲಿಲ್ಲ. ರಾತ್ರಿ ವಾಟ್ಸಾಪ್‌ನಲ್ಲಿ ಉತ್ತರ ಬಂತು. ಮೊದಲು, "ಅವತ್ತಿನ ಪ್ರಾಬ್ಲಮ್ ಬೇರೆ ಸರ್, ಇದು ಬೇರೆ." ಆಮೇಲೆ, "ಬೇರೆ ಕಡೆ ಕೈ ಹಾಕ್ಸಿದೀರಾ, ಇನ್ನು ನಾನು ಜವಾಬ್ದಾರಿ ಅಲ್ಲ." ನಟ್ ಮೇಲಿನ ಮಣ್ಣು ಹೇಗೆ ಬಂತು ಹೇಳು ಅಂದೆ. "ಆ ಫೋಟೋ ಯಾವ ಗಾಡೀದೋ ನಂಗೇನ್ ಗೊತ್ತು?" ಯಾವ ಗಾಡಿಯದಂತೆ! ಟ್ಯಾಂಕಿನ ಮೇಲೆ ಅಮ್ಮ ಹಚ್ಚಿದ ಕುಂಕುಮದ ಬೊಟ್ಟು ಇನ್ನೂ ಹಾಗೇ ಇತ್ತು, ಫೋಟೋದಲ್ಲಿ ಕಾಣುತ್ತದೆ. ಕೊನೆಗೆ ಬಂದ ಮೆಸೇಜ್ ಇದು: "ಬೇಕಾದ್ರೆ 500 ವಾಪಸ್ ಹಾಕ್ತೀನಿ, ಸುಮ್ನೆ ಹೆಸರು ಕೆಡಿಸ್ಬೇಡಿ." ತಪ್ಪು ಮಾಡಿಲ್ಲ ಅಂದರೆ 500 ಯಾಕೆ? ಇದನ್ನು ಕೇಳಿದೆ. ಬ್ಲಾಕ್ ಮಾಡಿದ.

ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ. ಬಿಲ್ ಇದೆಯಾ ಅಂತ ಕೇಳಿದರು. ನನ್ನ ಹತ್ತಿರ ಇರುವುದು ಹೆಸರಿಲ್ಲದ ಬಿಳಿ ಚೀಟಿ ಮತ್ತು ಫೋನ್‌ಪೇ ಸ್ಕ್ರೀನ್‌ಶಾಟ್. ಅದನ್ನೇ ಇಟ್ಟುಕೊಂಡು ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಬರೆಯುತ್ತಿದ್ದೇನೆ. ಐದು ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕ ಇಲ್ಲ.

ನಿಮ್ಮ ಗಾಡಿ ಹೀಗೆ ನಿಂತರೆ ದಯವಿಟ್ಟು ಇಷ್ಟು ಮಾಡಿ. ಹ್ಯಾಂಡಲ್ ಮೇಲಿನ, ಇಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ಆಫ್ ಆಗಿದೆಯಾ ನೋಡಿ. ಕೀ ಆನ್ ಮಾಡಿ ಪಂಪಿನ ಸದ್ದು ಕೇಳಿ. ಸದ್ದೇ ಇಲ್ಲದಿದ್ದರೆ ಮೊದಲು ಫ್ಯೂಸ್ ನೋಡಿಸಿ. ಪೆಟ್ರೋಲ್ ವಾಸನೆ ಜೋರಾಗಿ ಬರುತ್ತಿದ್ದರೆ ಸೆಲ್ಫ್ ಹೊಡೆಯುತ್ತಲೇ ಇರಬೇಡಿ, ಪ್ಲಗ್ ಪೆಟ್ರೋಲಲ್ಲಿ ಇನ್ನಷ್ಟು ಒದ್ದೆಯಾಗುತ್ತದೆ, ಬ್ಯಾಟರಿಯೂ ಇಳಿಯುತ್ತದೆ. ನೀರು ಬಿದ್ದ ಮೇಲೆ ಶುರುವಾದ ತೊಂದರೆ ಆದರೆ ಪ್ಲಗ್ ಕ್ಯಾಪ್ ಎಳೆದು, ಒರೆಸಿ, ಚೆನ್ನಾಗಿ ಒಣಗಿಸಿ ನೋಡಿ. ಪ್ಲಗ್ ಬಿಚ್ಚದೆ ಪಂಪ್ ಹೆಸರು ಹೇಳುವವನಿಗೆ ನಮಸ್ಕಾರ ಹೇಳಿ ಗಾಡಿ ತಳ್ಳಿಕೊಂಡು ಬನ್ನಿ. ಯಾವ ಪಾರ್ಟ್ ಹಾಕಿಸಿದರೂ ಹಳೇದನ್ನು ಕೈಗೆ ಕೊಡಬೇಕು ಅಂತ ಕೆಲಸ ಶುರು ಮಾಡುವ ಮೊದಲೇ ಹೇಳಿ, ನನ್ನ ಹಾಗೆ ದುಡ್ಡು ಕೊಡುವಾಗ ಅಲ್ಲ. ಜಿಎಸ್‌ಟಿ ಬಿಲ್ ಕೇಳಿ.

ಗಾಡಿ ಈಗ ಚೆನ್ನಾಗಿ ಓಡುತ್ತಿದೆ, ಅದೇ ಹಳೇ ಪಂಪಿನಲ್ಲಿ. ವಾಟರ್ ಸರ್ವಿಸ್‌ಗೆ ಮತ್ತೆ ಕೊಟ್ಟಿಲ್ಲ. ಟ್ಯಾಂಕಿನ ಅಡಿಯ ನಟ್ ಮೇಲಿನ ಮಣ್ಣನ್ನು ಯಾರೂ ಒರೆಸದಂತೆ ನೋಡಿಕೊಳ್ಳುತ್ತಿದ್ದೇನೆ. ಆಯೋಗದವರು ಕೇಳಿದರೆ ತೋರಿಸಬೇಕು.