1923ರ ಜರ್ಮನ್ ಸ್ಟಾಂಪ್ ಪ್ಯಾಕೆಟ್: ಮಿಂಟ್ ಆದ್ರೆ ತಗೊಳ್ಳಿ, ಸೀಲು ಬಿದ್ದಿದ್ದು ಬೇಡ

ಆನ್‌ಲೈನ್‌ನಲ್ಲಿ ಒಬ್ಬ ಡೀಲರ್ ಹತ್ತಿರ ಜರ್ಮನಿಯ ಹಣದುಬ್ಬರ ಕಾಲದ ಸ್ಟಾಂಪುಗಳ ಪ್ಯಾಕೆಟ್ ತರಿಸಿದೆ. 50 ಸ್ಟಾಂಪಿಗೆ 300 ರೂಪಾಯಿ, ಕೊರಿಯರ್ ಬೇರೆ. ಅರ್ಧ ಖುಷಿಯಾಯ್ತು, ಅರ್ಧ ಸಿಟ್ಟು ಬಂತು.

ಖುಷಿ ಮಿಂಟ್, ಅಂದ್ರೆ ಬಳಸದ, ಸೀಲು ಬೀಳದ ಸ್ಟಾಂಪುಗಳದ್ದು. 5 ಫೆನಿಗ್‌ನ (100 ಫೆನಿಗ್ ಅಂದ್ರೆ ಒಂದು ಮಾರ್ಕ್) ಪುಟ್ಟ ಸ್ಟಾಂಪ್, ಅದರ ಮೇಲೆ ದಪ್ಪಗೆ ‘800 ಟೌಸೆಂಡ್’ ಅಂತ ಒತ್ತಿದ್ದಾರೆ, ಅಂದ್ರೆ 8 ಲಕ್ಷ ಮಾರ್ಕ್! ಬೆಲೆ ಏರುವ ವೇಗಕ್ಕೆ ಹೊಸ ಸ್ಟಾಂಪ್ ಅಚ್ಚಾಗುವುದು ಸಾಲದೆ, ಉಳಿದಿದ್ದ ಹಳೆಯದರ ಮೇಲೇ ಹೊಸ ಬೆಲೆ ಒತ್ತಿ ಕೌಂಟರಿಗೆ ಕಳಿಸಿದ್ದು. ಪ್ಯಾಕೆಟ್‌ನ ರಾಜ ಮಾತ್ರ 50 ಮಿಲಿಯಾರ್ಡನ್ ಸ್ಟಾಂಪ್, ನಮ್ಮ ಲೆಕ್ಕದಲ್ಲಿ 5,000 ಕೋಟಿ ಮಾರ್ಕ್. ಅದೂ ಸಾಲಲಿಲ್ಲ ನೋಡಿ. ನವೆಂಬರ್ 26ಕ್ಕೆ ದೇಶದೊಳಗಿನ ಒಂದು ಮಾಮೂಲಿ ಕಾಗದಕ್ಕೆ 8,000 ಕೋಟಿ ಆಯ್ತು, ಅಂಚೆಯವರು ಸ್ಟಾಂಪನ್ನು ಅದರ ಮೇಲಿದ್ದ ಬೆಲೆಯ ನಾಲ್ಕು ಪಟ್ಟಿಗೆ ಮಾರಿದರು. ಡಿಸೆಂಬರ್ 1ರಿಂದ ಹೊಸ ದುಡ್ಡು, ಅದೇ ಕಾಗದಕ್ಕೆ 10 ಫೆನಿಗ್. ಹಳೇ ಸ್ಟಾಂಪೆಲ್ಲ ರಾಶಿ ರಾಶಿ ಉಳಿದುಹೋಯ್ತು, ಅದಕ್ಕೇ ಮಿಂಟ್ ಇವತ್ತಿಗೂ ಇಷ್ಟು ಅಗ್ಗ.

ಇನ್ನು ಸಿಟ್ಟಿನ ವಿಷಯ. ಈ ಕಾಲದ ಸ್ಟಾಂಪುಗಳಲ್ಲಿ ನಿಜವಾಗಿ ಕಾಗದಕ್ಕೆ ಅಂಟಿಸಿ ಸೀಲು ಬಿದ್ದಿದ್ದು ಎಷ್ಟೋ ಸಲ ಮಿಂಟ್‌ಗಿಂತ ದುಬಾರಿ, ಯಾಕಂದ್ರೆ ಕೆಲವಕ್ಕೆ ಚಲಾವಣೆ ಸಿಕ್ಕಿದ್ದೇ ಕೆಲವು ವಾರ. ಹಾಗಾಗಿ ಮಿಂಟ್ ಮೇಲೆ ಕಳ್ಳ ಸೀಲು ಹೊಡೆದು ಮಾರೋದು ಹಳೇ ದಂಧೆ. ನನಗೆ ಬಂದ 10 ಮಿಲಿಯಾರ್ಡನ್ ಸ್ಟಾಂಪಿನ ಮೇಲೆ 1923ರ ಮೇ ತಿಂಗಳ ಸೀಲಿದೆ, ಆ ಬೆಲೆಯ ಸ್ಟಾಂಪ್ ಬಂದಿದ್ದೇ ವರ್ಷದ ಕೊನೆಗೆ! ಇಂಕು ಬೇರೆ ನಿನ್ನೆ ಹೊಡೆದಂಗೆ ಮಿಂಚ್ತಾ ಇದೆ. ‘ಯೂಸ್ಡ್, ಅಪರೂಪ’ ಅಂತ ಬರೆದು ಮಾರಿದ್ದಾರೆ, ಕೇಳಿದರೆ ಉತ್ತರವೇ ಇಲ್ಲ.

ಪ್ಯಾಕಿಂಗ್ ಪರವಾಗಿಲ್ಲ, ಬಟರ್ ಪೇಪರಿನ ಕವರ್ ಇತ್ತು. ‘ಎಲ್ಲಾ ಬೇರೆ ಬೇರೆ’ ಅಂದಿದ್ರು, ಒಂದೇ ಥರದ್ದು ಸುಮಾರು ಬಂದಿವೆ. ಆದ್ರೆ ಬಿಸಾಡೋ ಮುಂಚೆ ಅಂಚು ನೋಡಿ. ಒಂದೇ ಚಿತ್ರದ ಸ್ಟಾಂಪಿನಲ್ಲಿ ತೂತಿನ ಹಲ್ಲಿರೋದು ಒಂದು ಬಗೆ, ತೂತಿಲ್ಲದೆ ಸುಮ್ನೆ ಸೀಳು ಹಾಕಿರೋದು ಇನ್ನೊಂದು, ಕ್ಯಾಟಲಾಗ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಬೆಲೆ.

ಮಿಂಟ್ ಪ್ಯಾಕೆಟ್‌ಗೆ 5ಕ್ಕೆ 4 ಸ್ಟಾರ್. ಯೂಸ್ಡ್‌ಗೆ ಒಂದೇ. ಯೂಸ್ಡ್ ಬೇಕೇ ಬೇಕು ಅನ್ನೋರು ಹಿಂಬದಿಯ ಫೋಟೋ ಕೇಳಿ, ‘ಇನ್‌ಫ್ಲಾ ಬರ್ಲಿನ್’ (ಈ ಹಣದುಬ್ಬರ ಕಾಲದ ಸ್ಟಾಂಪ್ ಸಂಗ್ರಾಹಕರ ಜರ್ಮನ್ ಸಂಘ) ಪರೀಕ್ಷಕರು ಅಸಲಿ ಅಂತ ಒತ್ತುವ ಗುರುತು ಕಾಣದಿದ್ರೆ ಜಾಸ್ತಿ ದುಡ್ಡು ಕೊಡಬೇಡಿ.