ಹಳೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್: ಒಂದೇ ಡಿಸ್ಕೋ, ಎರಡು ಡಿಸ್ಕೋ?

ನನ್ನ ಮನೆಯ ಡೆಸ್ಕ್‌ಟಾಪ್‌ಗೆ ಹದಿಮೂರು ವರ್ಷ. ಎರಡು ಕೋರ್‌ಗಳ ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ವಿಂಡೋಸ್ 10ಕ್ಕಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು, ಈ ಮದರ್‌ಬೋರ್ಡಿನಲ್ಲಿ ಅದಿಲ್ಲ. ಹಾಗೆಂದು ವಿಂಡೋಸನ್ನು ಪೂರ್ತಿ ಕೈಬಿಡುವಂತೆಯೂ ಇರಲಿಲ್ಲ. ಹಳೆಯ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡುವ ನನ್ನ ತಂತ್ರಾಂಶ ಅದರಲ್ಲಿ ಮಾತ್ರ ಓಡುತ್ತದೆ. ದಿನನಿತ್ಯದ ಕೆಲಸಕ್ಕೆ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ, ಸ್ಕ್ಯಾನಿಂಗ್‌ಗೆ ವಿಂಡೋಸ್ ಎಂದು ನಿರ್ಧರಿಸಿ ಮೂರು ದಾರಿಗಳನ್ನು ಪ್ರಯತ್ನಿಸಿದೆ.

ಮೊದಲನೆಯದು ವರ್ಚುವಲ್ ಯಂತ್ರ, ಅಂದರೆ ಮಿಂಟ್ ಒಳಗೇ ಒಂದು ಕಿಟಕಿಯಲ್ಲಿ ವಿಂಡೋಸ್ ಓಡಿಸುವುದು. ಇದರ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. 4 ಜಿಬಿಯನ್ನು ಇಬ್ಬರಿಗೆ ಹಂಚಿದರೆ ಇಬ್ಬರ ಹೊಟ್ಟೆಯೂ ತುಂಬುವುದಿಲ್ಲ. ಡಿಸ್ಕಿನ ದೀಪ ಆರಲೇ ಇಲ್ಲ, ಸ್ಕ್ಯಾನರಿನ ಸಂಪರ್ಕ ಅರ್ಧದಲ್ಲೇ ಕಡಿದುಹೋಗುತ್ತಿತ್ತು. ರ‍್ಯಾಮ್ ಇದರ ಎರಡರಷ್ಟಾದರೂ ಇದ್ದವರು ಮಾತ್ರ ಇದನ್ನು ಯೋಚಿಸಬಹುದು.

ಎರಡನೆಯದು ಎಲ್ಲರೂ ಮೊದಲು ಹೇಳುವ ದಾರಿ: ಒಂದೇ ಡಿಸ್ಕನ್ನು ಭಾಗ ಮಾಡಿ ಎರಡನ್ನೂ ಕೂರಿಸುವುದು. ಹೊಸ ಬಿಡಿಭಾಗ ಬೇಡ ಎಂಬುದು ಇದರ ದೊಡ್ಡ ಗುಣ. ಆದರೆ ಹಳೆಯ ಯಂತ್ರ ತನ್ನ ವಯಸ್ಸನ್ನು ತೋರಿಸುವುದೂ ಇಲ್ಲಿಯೇ. ಡಿಸ್ಕಿನಲ್ಲಿ 200 ಜಿಬಿ ಖಾಲಿ ಇದ್ದರೂ ವಿಂಡೋಸ್ ಅದರಲ್ಲಿ ಸ್ವಲ್ಪವನ್ನಷ್ಟೇ ಬಿಟ್ಟುಕೊಟ್ಟಿತು. ರ‍್ಯಾಮ್‌ನಲ್ಲಿರುವುದನ್ನು ಡಿಸ್ಕಿಗೆ ಇಳಿಸಿಡಲು ವಿಂಡೋಸ್ ಬಳಸುವ ಪೇಜ್ ಫೈಲ್, ಹೈಬರ್ನೇಶನ್ ಫೈಲ್‌ಗಳು ನಡುವೆ ಕೂತಿದ್ದರೆ ಪಾರ್ಟಿಷನ್, ಅಂದರೆ ಡಿಸ್ಕಿನ ಆ ಭಾಗ, ಅವುಗಳನ್ನು ದಾಟಿ ಕುಗ್ಗುವುದಿಲ್ಲ. ಎರಡನ್ನೂ ತಾತ್ಕಾಲಿಕವಾಗಿ ನಿಲ್ಲಿಸಿ ಜಾಗ ಬಿಡಿಸಿಕೊಂಡೆ. ಇನ್‌ಸ್ಟಾಲರ್ ತೆರೆದರೆ ಆ ಜಾಗದ ಮುಂದೆ ‘ಬಳಸಲಾಗದು’ ಎಂಬ ಅರ್ಥದ ಒಂದೇ ಪದ. ಕಾರಣ ಎಂಬಿಆರ್, ಅಂದರೆ ಪಾರ್ಟಿಷನ್‌ಗಳ ಪಟ್ಟಿಯನ್ನೂ ಬೂಟ್ ಮಾಡುವ ಮೊದಲ ತುಣುಕನ್ನೂ ಡಿಸ್ಕಿನ ಆರಂಭದಲ್ಲಿ ಇಡುವ ಕ್ರಮ. ಈ ಹಳೆಯ ವ್ಯವಸ್ಥೆಯಲ್ಲಿ ನಾಲ್ಕು ಪ್ರೈಮರಿ ಪಾರ್ಟಿಷನ್‌ಗಳಿಗೆ ಮಾತ್ರ ಅವಕಾಶ. ಬೂಟ್, ಸಿ, ಡಿ, ರಿಕವರಿ ಎಂದು ನಾಲ್ಕೂ ಆಗಲೇ ತುಂಬಿದ್ದವು. ಡಿಸ್ಕಿನ ಪ್ರತಿಯನ್ನು ಹೊರಗೆ ತೆಗೆದಿಟ್ಟು, ರಿಕವರಿಯನ್ನು ಅಳಿಸಿ, ಅದರ ಬದಲು ಒಳಗೆ ಮತ್ತೆ ಭಾಗಗಳನ್ನು ಮಾಡಬಹುದಾದ ಎಕ್ಸ್‌ಟೆಂಡೆಡ್ ಪಾರ್ಟಿಷನ್ ಮಾಡಿ ಅದರೊಳಗೆ ಮಿಂಟ್ ಹಾಕಿದೆ.

ಕೆಲವು ತಿಂಗಳು ಚೆನ್ನಾಗಿಯೇ ನಡೆಯಿತು. ಕಂಪ್ಯೂಟರ್ ಹಚ್ಚಿದರೆ ಲಿನಕ್ಸ್‌ನೊಂದಿಗೆ ಬರುವ ಬೂಟ್ ತಂತ್ರಾಂಶವಾದ ಗ್ರಬ್‌ನ ಮೆನು, ಬೇಕಾದದ್ದನ್ನು ಆರಿಸಿದರೆ ಆಯಿತು. ಒಂದು ದಿನ ಬೇರೆ ಲಿನಕ್ಸ್ ಹಾಕಿ ನೋಡೋಣವೆಂದು ವಿಂಡೋಸ್ ಒಳಗಿನಿಂದಲೇ ಮಿಂಟ್‌ನ ಪಾರ್ಟಿಷನ್ ಅಳಿಸಿದೆ. ಮತ್ತೆ ಹಚ್ಚಿದಾಗ ಕಪ್ಪು ಪರದೆ, ‘ಗ್ರಬ್ ರೆಸ್ಕ್ಯೂ’ ಎಂಬ ಒಂದು ಸಾಲು, ಪಕ್ಕದಲ್ಲಿ ಮಿಟುಕುವ ಕರ್ಸರ್. ಗ್ರಬ್‌ನ ಮೊದಲ ತುಣುಕು ಡಿಸ್ಕಿನ ಆರಂಭದಲ್ಲಿರುತ್ತದೆ, ಉಳಿದದ್ದು ಲಿನಕ್ಸ್‌ನ ಪಾರ್ಟಿಷನ್ನಿನಲ್ಲಿ. ಲಿನಕ್ಸ್ ಹೋದರೆ ಏನೂ ತಪ್ಪು ಮಾಡದ ವಿಂಡೋಸ್‌ಗೂ ಬಾಗಿಲು ಮುಚ್ಚುತ್ತದೆ. ವಿಂಡೋಸ್‌ನ ಇನ್‌ಸ್ಟಾಲೇಶನ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಎಂಬಿಆರ್ ಸರಿಪಡಿಸಿದೆ. ಒಂದು ಕಡತವೂ ಹೋಗಲಿಲ್ಲ. ಆದರೂ ಆ ಒಂದು ಗಂಟೆ ನನಗೆ ಉಸಿರು ಕಟ್ಟಿದಂತಿತ್ತು. ಸ್ಕ್ಯಾನ್ ಮಾಡಿದ ಅಪ್ಪನ ಕಾಲದ ಚಿತ್ರಗಳೆಲ್ಲ ಆ ಡಿಸ್ಕಿನಲ್ಲಿದ್ದವು.

ಮೂರನೆಯದು ಎರಡು ಡಿಸ್ಕ್‌ಗಳ ದಾರಿ. 240 ಜಿಬಿಯ ಒಂದು ಎಸ್‌ಎಸ್‌ಡಿ ತಂದೆ. ಇಲ್ಲಿ ಒಂದು ಕೆಲಸವನ್ನು ಮರೆಯಲೇಬಾರದು: ಲಿನಕ್ಸ್ ಹಾಕುವಾಗ ಹಾರ್ಡ್ ಡಿಸ್ಕಿನ ಸಾಟಾ ಕೇಬಲ್ ಕಳಚಿಡಬೇಕು. ಇಲ್ಲದಿದ್ದರೆ ಇನ್‌ಸ್ಟಾಲರ್ ಗ್ರಬ್ಬನ್ನು ಹಳೆಯ ಡಿಸ್ಕಿಗೇ ಬರೆದು, ಮತ್ತೆ ಅದೇ ಕಗ್ಗಂಟಿಗೆ ತಂದು ನಿಲ್ಲಿಸಬಹುದು. ಮಿಂಟ್ ಕೂತ ಮೇಲೆ ಕೇಬಲ್ ಮರಳಿ ಚುಚ್ಚಿ, ಬಯಾಸ್‌ನಲ್ಲಿ, ಅಂದರೆ ಮದರ್‌ಬೋರ್ಡಿನ ಸೆಟ್ಟಿಂಗ್‌ಗಳಲ್ಲಿ, ಬೂಟ್ ಸರದಿಗೆ ಎಸ್‌ಎಸ್‌ಡಿಯನ್ನು ಮೊದಲಿಗೆ ಇಟ್ಟೆ. ವಿಂಡೋಸ್ ಬೇಕಾದಾಗ ಬೂಟ್ ಮೆನುವಿನ ಕೀಲಿ ಒತ್ತಿ ಹಾರ್ಡ್ ಡಿಸ್ಕ್ ಆರಿಸುತ್ತೇನೆ. ನನ್ನಲ್ಲಿ ಅದು ಎಫ್12, ಬೇರೆ ಯಂತ್ರಗಳಲ್ಲಿ ಬೇರೆ ಇರಬಹುದು. ಒಂದು ಡಿಸ್ಕನ್ನು ಕಿತ್ತಿಟ್ಟರೂ ಇನ್ನೊಂದು ತನ್ನಷ್ಟಕ್ಕೆ ಏಳುತ್ತದೆ. ಪರೀಕ್ಷಿಸಿಯೇ ಹೇಳುತ್ತಿದ್ದೇನೆ.

ವೇಗದ ಲಾಭ ಬೇರೆ. ಈ ಬೋರ್ಡಿನ ಸಾಟಾ 2 ಪೋರ್ಟಿನ ಮಿತಿ ಸೆಕೆಂಡಿಗೆ 3 ಗಿಗಾಬಿಟ್, ಎಸ್‌ಎಸ್‌ಡಿಯ ಪೂರ್ಣ ವೇಗ ಅದರಲ್ಲಿ ಸಿಗುವುದಿಲ್ಲ. ಆದರೆ ಚದುರಿದ ಸಣ್ಣ ಕಡತಗಳನ್ನು ಹುಡುಕಲು ತಿರುಗುವ ತಟ್ಟೆ, ಓಡಾಡುವ ಸೂಜಿ ಇಲ್ಲದಿರುವುದೇ ಸಾಕು. ಒಂದೂವರೆ ನಿಮಿಷ ತೆಗೆದುಕೊಳ್ಳುತ್ತಿದ್ದ ಮಿಂಟ್ ಈಗ ಅರ್ಧ ನಿಮಿಷದಲ್ಲಿ ಸಿದ್ಧ.

ಎರಡು ತೊಂದರೆಗಳು ಈ ದಾರಿಯಲ್ಲೂ ಉಳಿದವು. ಮದರ್‌ಬೋರ್ಡಿನ ಗಡಿಯಾರದಲ್ಲಿ ಇರುವುದು ಸ್ಥಳೀಯ ಸಮಯ ಎಂದು ವಿಂಡೋಸ್ ತಿಳಿಯುತ್ತದೆ, ಯುಟಿಸಿ, ಅಂದರೆ ಜಾಗತಿಕ ಪ್ರಮಾಣಿತ ಸಮಯ, ಎಂದು ಲಿನಕ್ಸ್. ಹಾಗಾಗಿ ಒಂದರಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ಸಮಯ ತಪ್ಪುತ್ತಿತ್ತು. ಸ್ಥಳೀಯ ಸಮಯವನ್ನೇ ಪಾಲಿಸುವಂತೆ ಲಿನಕ್ಸ್‌ಗೆ ಹೇಳಿದೆ. ಇನ್ನೊಂದು ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’. ಅದು ಚಾಲೂ ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಅರೆನಿದ್ದೆಯಲ್ಲಿರುತ್ತದೆ, ಲಿನಕ್ಸ್‌ನಿಂದ ಆ ಡಿಸ್ಕಿಗೆ ಏನನ್ನೂ ಬರೆಯಲಾಗುವುದಿಲ್ಲ. ಆ ಸೌಲಭ್ಯವನ್ನು ನಿಲ್ಲಿಸಿಡಿ.

ಡೆಸ್ಕ್‌ಟಾಪ್ ಇದ್ದವರಿಗೆ ನಾನು ಹಿಂಜರಿಯದೆ ಎರಡು ಡಿಸ್ಕ್‌ಗಳನ್ನೇ ಹೇಳುತ್ತೇನೆ. ಹಳೆಯ ಲ್ಯಾಪ್‌ಟಾಪ್ ಆಗಿದ್ದರೆ ಡಿವಿಡಿ ಡ್ರೈವ್ ತೆಗೆದು ಆ ಜಾಗಕ್ಕೆ ಕ್ಯಾಡಿ ಎಂಬ ಚೌಕಟ್ಟಿನಲ್ಲಿ ಎರಡನೆಯ ಡಿಸ್ಕ್ ಕೂರಿಸಬಹುದೇ ನೋಡಿ. ಅದೂ ಆಗದಿದ್ದರೆ ಒಂದೇ ಡಿಸ್ಕಿನ ದಾರಿ ಹಿಡಿಯಿರಿ, ಆದರೆ ಪಾರ್ಟಿಷನ್ ಮುಟ್ಟುವ ಮೊದಲು ಚಿತ್ರಗಳನ್ನೂ ಕಾಗದಪತ್ರಗಳನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿ, ಅವು ಅಲ್ಲಿ ತೆರೆಯುತ್ತವೆಯೇ ಎಂದು ಕಣ್ಣಾರೆ ನೋಡಿಕೊಳ್ಳಿ.