ಒಂದೊಂದಾಗಿ, ಒಟ್ಟಿಗೆ, ನೋಡಿ ನೋಡಿ: ಹಳೇ ಸ್ವಿಫ್ಟ್‌ನ ಸಸ್ಪೆನ್ಷನ್ ಲೆಕ್ಕ

ನನ್ನದು 2010ರ ಡೀಸೆಲ್ ಸ್ವಿಫ್ಟ್. ಈಗ 1,41,000 ಕಿ.ಮೀ. ಓಡಿದೆ. ಬಾಗಲಕೋಟೆ ನವನಗರದಿಂದ ಮುಧೋಳದ ಹತ್ತಿರದ ನಮ್ಮೂರಿಗೆ ವಾರಕ್ಕೊಮ್ಮೆ ಹೋಗಿಬರುತ್ತೇನೆ. ಗದ್ದನಕೇರಿ ಕ್ರಾಸ್, ಲೋಕಾಪುರ, ಮುಧೋಳ. ಆ ದಾರಿ ಗೊತ್ತಿದ್ದವರಿಗೆ ನಾನು ಏನು ಹೇಳಲು ಹೊರಟಿದ್ದೇನೆ ಅಂತ ಅರ್ಧ ತಿಳಿದಿರುತ್ತದೆ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮೇಲೆ ಎಷ್ಟೇ ಚೆನ್ನಾಗಿ ಡಾಂಬರು ಹಾಕಿದರೂ ಕೆಳಗಿನ ನೆಲ ಸುಮ್ನೆ ಕೂರುವುದಿಲ್ಲ. ರಸ್ತೆ ಅಲೆ ಅಲೆಯಾಗುತ್ತದೆ. ಕಬ್ಬಿನ ಸೀಸನ್‌ನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ಬಂದರೆ ಪಕ್ಕಕ್ಕೆ ಇಳಿಸಬೇಕು, ಮತ್ತೆ ಹತ್ತಿಸಬೇಕು. ಮುಂದಿನ ಚಕ್ರಗಳ ಪಾಡು ಕೇಳಬೇಡಿ.

ಈ ಗಾಡಿಯ ಮುಂಭಾಗದ ಸಸ್ಪೆನ್ಷನ್ ಕೆಲಸ ಎರಡು ಸಲ ಮಾಡಿಸಿದ್ದೇನೆ, ಎರಡು ಬೇರೆ ಬೇರೆ ರೀತಿಯಲ್ಲಿ. ಮೂರನೇ ರೀತಿಯನ್ನು ತಂಗಿಯ ವ್ಯಾಗನ್‌ಆರ್ ಮೇಲೆ ನೋಡಿದೆ.

ಮೊದಲ ಸಲ 74,000 ಕಿ.ಮೀ.ಗೆ. ಹಂಪ್ ಮೇಲೆ ನಿಧಾನವಾಗಿ ಹೋದರೂ ಎಡಗಡೆ ಖಡ್ ಖಡ್ ಅನ್ನುತ್ತಿತ್ತು. ಮಿಸ್ತ್ರಿ ಲಿಂಕ್ ರಾಡ್ (ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಕಂಬಿಯನ್ನು ಜೋಡಿಸುವ ಸಣ್ಣ ರಾಡ್) ಹಿಡಿದು ಅಲ್ಲಾಡಿಸಿ, “ಇದೊಂದ್ ಹಾಕೂಣ್ರಿ ಸರ, ಉಳಿದದ್ದು ಸದ್ಯಕ್ಕ ಓಡ್ತೈತಿ” ಅಂದ. ನನಗೂ ಅದೇ ಬೇಕಿತ್ತು. ಸದ್ದು ಬಂದಾಗ ಆ ಪಾರ್ಟ್ ಮಾತ್ರ ಹಾಕಿಸುವುದು ಜಾಣತನ ಅಂದುಕೊಂಡಿದ್ದೆ. 1,400 ರೂಪಾಯಿಗೆ ಎರಡೂ ಕಡೆ ಮುಗಿಯಿತು. ಖುಷಿಯಿಂದ ಮನೆಗೆ ಬಂದೆ.

ಮೂರು ತಿಂಗಳಿಗೆ ಬ್ರೇಕ್ ಹಾಕಿದಾಗ ಗಾಡಿ ಬಲಕ್ಕೆ ಎಳೆಯತೊಡಗಿತು. ಚಕ್ರವನ್ನು ಗಾಡಿಯ ಅಡಿಗೆ ಹಿಡಿದಿಡುವ ಲೋವರ್ ಆರ್ಮ್‌ನ ಬುಷ್, ಅಂದರೆ ಅದರ ಕೀಲಿನ ರಬ್ಬರ್, ಹರಿದಿತ್ತು. ಆರ್ಮ್ ಪೂರ್ತಿ ಯಾಕೆ ಅಂತ ಹೊಸ ಬುಷ್ ಮಾತ್ರ ಪ್ರೆಸ್ ಮಾಡಿಸಿ ಕೂರಿಸಿದೆ. ಎಂಟು ತಿಂಗಳಿಗೆ ಅವೂ ಹರಿದವು! ಪಾರ್ಟ್ ಲೋಕಲ್ ಇರಬೇಕು ಅಂತ ಬೈದುಕೊಂಡೆ. ಅಸಲು ಕಾರಣ ಬೇರೆಯೇ ಇತ್ತು, ಅದನ್ನು ಮುಂದೆ ಹೇಳುತ್ತೇನೆ. ಆಮೇಲೆ ಆರ್ಮ್ ಜೋಡಿಯನ್ನೇ ಹಾಕಿಸಿದೆ. ಬೆನ್ನಿಗೇ ಶಾಕ್ ಅಬ್ಸಾರ್ಬರ್ ಹೋದವು. ಶಾಕ್ ಹಾಕಿಸಿದ ತಿಂಗಳಿಗೆ, ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದರೆ ಕಿರ್ ಎಂದು ಸ್ಪ್ರಿಂಗ್ ಜಿಗಿಯುವ ಸದ್ದು. ಸ್ಟ್ರಟ್ ಮೌಂಟ್! ಅದು ಕೂರುವುದೇ ಶಾಕ್‌ನ ತಲೆಯ ಮೇಲೆ. ಹೋದ ತಿಂಗಳು ಬಿಚ್ಚಿದ್ದನ್ನೇ ಮತ್ತೆ ಬಿಚ್ಚಬೇಕು, ಅದೇ ಕೂಲಿ ಮತ್ತೆ ಕೊಡಬೇಕು.

14 ತಿಂಗಳಲ್ಲಿ ಐದು ಸಲ ಗ್ಯಾರೇಜ್, ನಾಲ್ಕು ಸಲ ಅಲೈನ್‌ಮೆಂಟ್ (ಚಕ್ರಗಳ ಕೋನ ಅಳೆದು ಸರಿಪಡಿಸುವುದು). ಒಟ್ಟು 16,700 ರೂಪಾಯಿ. ಇದರಲ್ಲಿ ಒಳಅಂಚು ಸವೆದು ನೂಲು ಕಂಡ ಎರಡು ಟೈರ್‌ಗಳ ಲೆಕ್ಕ ಸೇರಿಲ್ಲ. ಬುಷ್ ಹರಿದಿದ್ದರೆ ಅಲೈನ್‌ಮೆಂಟ್ ಮಾಡಿಸಿಯೂ ಉಪಯೋಗವಿಲ್ಲ. ಮೆಷಿನ್ ಮೇಲೆ ನಿಂತಾಗ ಅಳತೆ ಸರಿ ತೋರಿಸುತ್ತದೆ. ರಸ್ತೆಗೆ ಇಳಿದು ಬ್ರೇಕ್ ಒತ್ತಿದರೆ ಚಕ್ರ ತನ್ನ ಜಾಗ ಬಿಡುತ್ತದೆ.

ಎರಡನೇ ಸಲ 1,26,000ಕ್ಕೆ. ಈ ಸಲ ನನ್ನ ಅವ್ವನೇ ಮೊದಲು ಹೇಳಿದ್ದು. ಹಿಂದೆ ಕೂತು, “ಚಕ್ಕಡಿ ಇದಕ್ಕಿಂತ ಚಲೋ ಇತ್ತು ನೋಡಪಾ” ಅಂದಳು. ಅಷ್ಟು ಸಾಕಾಯಿತು. ಬೇರೆ ಗ್ಯಾರೇಜಿಗೆ ಹೋಗಿ, ಮುಂದಿನದು ಎಲ್ಲಾ ತೆಗೆದುಹಾಕಿ ಅಂದೆ. ಶಾಕ್, ಮೌಂಟ್, ಲೋವರ್ ಆರ್ಮ್, ಲಿಂಕ್ ರಾಡ್, ಸ್ಟೇರಿಂಗ್ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡ್ ಎಂಡ್, ಎಲ್ಲವೂ ಜೋಡಿ ಜೋಡಿಯಾಗಿ. ಕೂಲಿ, ಅಲೈನ್‌ಮೆಂಟ್ ಸೇರಿ 14,400. ಬೆಳಿಗ್ಗೆ ಬಿಟ್ಟು ಸಂಜೆ ತಂದೆ. ಐದು ವರ್ಷಗಳ ಹಿಂದಿನ ರೇಟಿಗಿಂತ ಪಾರ್ಟ್‌ಗಳ ಬೆಲೆ ಏರಿದ್ದರೂ ಖರ್ಚು ಕಡಿಮೆಯೇ ಆಯಿತು.

ಇಲ್ಲೇ ನನಗೆ ಹಳೇ ಬುಷ್‌ನ ಗುಟ್ಟು ತಿಳಿದದ್ದು. ಹೊಸ ಆರ್ಮ್ ಕೂರಿಸಿದ ಹುಡುಗ ಬೋಲ್ಟ್‌ಗಳನ್ನು ಕೈಯಲ್ಲೇ ಸಡಿಲವಾಗಿ ತಿರುಗಿಸಿ ಬಿಟ್ಟ. ಆಮೇಲೆ ಎರಡೂ ಚಕ್ರಗಳ ಕೆಳಗೆ ದಪ್ಪ ಹಲಗೆ ಇಟ್ಟು ಜಾಕ್ ಇಳಿಸಿದ. ಗಾಡಿಯನ್ನು ನಾಲ್ಕು ಸಲ ಅದುಮಿ ಕುಣಿಸಿದ. ಕೆಳಗೆ ತೂರಿಕೊಂಡು, ಪೂರ್ತಿ ಭಾರ ಚಕ್ರದ ಮೇಲೆ ಇರುವಾಗ ಬೋಲ್ಟ್ ಬಿಗಿದ. ಯಾಕಪ್ಪಾ ಅಂತ ಕೇಳಿದೆ. “ಮ್ಯಾಲ ಎತ್ತಿದಾಗ ಬಿಗಿದ್ರ, ಕೆಳಗಿಳಿಸಿದಾಗ ರಬ್ಬರ್ ತಿರುಚಿಕೊಂಡs ಇರ್ತದ್ರಿ” ಅಂದ. ಅಲ್ವಾ! ಚಕ್ರ ಜೋತಾಡುವಾಗ ಬುಷ್ ಬಿಗಿದರೆ, ಗಾಡಿ ನೆಲಕ್ಕೆ ಬಂದ ಕ್ಷಣದಿಂದ ಆ ರಬ್ಬರ್ ಹಗಲೂ ರಾತ್ರಿ ಹಿಂಡಿದ ಬಟ್ಟೆಯ ಹಾಗೆ ನಿಂತಿರುತ್ತದೆ. ಮೊದಲಿನ ಗ್ಯಾರೇಜಿನಲ್ಲಿ ಜಾಕ್ ಮೇಲಿದ್ದಾಗಲೇ ಬಿಗಿದಿದ್ದು ನನಗೆ ಚೆನ್ನಾಗಿ ನೆನಪಿದೆ. ನಾನು ಪಕ್ಕದಲ್ಲೇ ಚಹಾ ಕುಡಿಯುತ್ತ ನೋಡುತ್ತಿದ್ದೆ.

ಹಾಗಂತ ಒಟ್ಟಿಗೆ ಹಾಕಿಸುವುದೇ ಗೆದ್ದಿತು ಅನ್ನಲಾರೆ. ಹಳೇ ಪಾರ್ಟ್‌ಗಳನ್ನು ಗೋಣಿಚೀಲದಲ್ಲಿ ಮನೆಗೆ ತಂದೆ. ಭಾನುವಾರ ಅಂಗಳದಲ್ಲಿ ಸುರಿದು ಒಂದೊಂದೇ ಹಿಡಿದು ನೋಡಿದೆ. ಶಾಕ್‌ನ ರಾಡ್ ಒತ್ತಿದರೆ ತಡೆಯೇ ಇಲ್ಲ, ಸೈಕಲ್ ಪಂಪಿನ ಹಾಗೆ ಒಳಗೆ ಹೋಯಿತು. ಬಲಗಡೆಯ ಬಾಲ್ ಜಾಯಿಂಟ್, ಅಂದರೆ ಆರ್ಮ್ ಚಕ್ರಕ್ಕೆ ಸೇರುವಲ್ಲಿನ ಗುಂಡಿನ ಕೀಲು, ಸಡಿಲ. ಅದು ನನ್ನ ಗಾಡಿಯಲ್ಲಿ ಲೋವರ್ ಆರ್ಮ್ ಜೊತೆಗೇ ಇರುತ್ತದೆ. ಅದನ್ನು ನೋಡಿ ಮೈ ಜುಮ್ಮೆಂದಿತು. ಆದರೆ ಟೈ ರಾಡ್ ಎಂಡ್ ಎರಡೂ ಗಟ್ಟಿಯಾಗಿದ್ದವು, ರಬ್ಬರ್ ಟೋಪಿ ಸಹ ಹರಿದಿರಲಿಲ್ಲ. ಲಿಂಕ್ ರಾಡ್ ಒಂದು ಕೂಡ ಚೆನ್ನಾಗಿತ್ತು. ದುಡ್ಡು ಕೊಟ್ಟು ಒಳ್ಳೇ ಮಾಲು ಕಿತ್ತಿಸಿದ ಹಾಗಾಯಿತು.

ತಂಗಿಯ ವ್ಯಾಗನ್‌ಆರ್‌ಗೆ 11 ವರ್ಷ, ಓಡಿದ್ದು ಬರೀ 45,000. ಭಾವ ಸದ್ದು ಬರಲಿ ನೋಡೋಣ ಅನ್ನುತ್ತಿದ್ದರು. ನಾನು ಹಟ ಹಿಡಿದು ಅದೇ ಹುಡುಗನ ಹತ್ತಿರ ಬರೀ ನೋಡಲಿಕ್ಕೆ ಅಂತ ಒಯ್ದೆ. ಜಾಕ್ ಏರಿಸಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದ. ಆಟ, ಅಂದರೆ ಸಡಿಲ, ಇತ್ತು. ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿದ. ಆಟ ಹೋದರೆ ಬೇರಿಂಗ್, ಉಳಿದರೆ ಬಾಲ್ ಜಾಯಿಂಟ್ ಕಡೆ ನೋಡಬೇಕಂತೆ. ಉಳಿಯಿತು. ಎಡ ಬಲ ಹಿಡಿದು ಅಲ್ಲಾಡಿಸಿದಾಗ ಏನೂ ಇಲ್ಲ, ಅಂದರೆ ಟೈ ರಾಡ್ ಸರಿ. ಬುಷ್‌ಗೆ ಕಬ್ಬಿಣದ ಪಟ್ಟಿ ಕೊಟ್ಟು ಮೀಟಿದಾಗ ರಬ್ಬರ್‌ನ ಬಿರುಕು ಬಾಯಿ ತೆರೆಯಿತು. ರಬ್ಬರ್‌ಗೆ ಕಿ.ಮೀ. ಲೆಕ್ಕ ಗೊತ್ತಿಲ್ಲ, ನಿಂತಲ್ಲೇ ವಯಸ್ಸಾಗುತ್ತದೆ. ಶಾಕ್‌ಗಳಲ್ಲಿ ಎಣ್ಣೆ ಸೋರಿರಲಿಲ್ಲ, ಟೈರ್ ಮೇಲೆ ಕೈಯಾಡಿಸಿದರೆ ಎಲ್ಲೂ ತಗ್ಗು ದಿನ್ನೆ ಇಲ್ಲ. ಬರೀ ಆರ್ಮ್ ಜೋಡಿ ಹಾಕಿಸಿ, ಒಂದು ಅಲೈನ್‌ಮೆಂಟ್ ಮಾಡಿಸಿ ಕಳಿಸಿದೆವು. ನೋಡಿದ್ದಕ್ಕೆ ಹುಡುಗ 200 ರೂಪಾಯಿ ತಗೊಂಡ. ಮೂರರಲ್ಲಿ ನನಗೆ ಜಾಸ್ತಿ ಸೇರಿದ್ದು ಇದೇ.

ಇಷ್ಟಾದ ಮೇಲೆ ನಾನು ಪಾರ್ಟ್‌ಗಳನ್ನು ಎರಡು ಥರ ನೋಡುತ್ತೇನೆ. ಬಾಲ್ ಜಾಯಿಂಟ್, ಟೈ ರಾಡ್ ಎಂಡ್‌ನಲ್ಲಿ ಆಟ ಕಂಡರೆ ಆ ದಿನವೇ. ಅವು ಕಳಚಿದರೆ ಚಕ್ರ ಮಡಚಿಕೊಳ್ಳುತ್ತದೆ, ಸ್ಟೇರಿಂಗ್ ಕೈಗೆ ಸಿಗುವುದಿಲ್ಲ. ಅಲ್ಲಿ ತಿಂಗಳ ಸಂಬಳದ ದಾರಿ ಕಾಯಬಾರದು. ಲಿಂಕ್ ರಾಡ್ ಗದ್ದಲ ಮಾಡುತ್ತದೆ, ಒಂದೆರಡು ತಿಂಗಳು ತಡೆದುಕೊಳ್ಳುತ್ತದೆ. ಶಾಕ್ ಮಾತ್ರ ಮೋಸದ್ದು. ನಿಧಾನವಾಗಿ ಸಾಯುವುದರಿಂದ ಓಡಿಸುವವನಿಗೆ ಗೊತ್ತಾಗುವುದಿಲ್ಲ. ಬಾನೆಟ್ ಅದುಮಿ ಬಿಟ್ಟು ನೋಡುವ ಪರೀಕ್ಷೆಯಲ್ಲಿ ಪೂರ್ತಿ ಸತ್ತ ಶಾಕ್ ಮಾತ್ರ ಸಿಕ್ಕಿಬೀಳುತ್ತದೆ. ಅರ್ಧ ಸತ್ತದ್ದನ್ನು ಟೈರ್ ಹೇಳುತ್ತದೆ, ಇಲ್ಲ ಹಿಂದೆ ಕೂತವರು ಹೇಳುತ್ತಾರೆ. ಶಾಕ್ ಬಿಚ್ಚುವುದು ಅಂತಾದರೆ ಮೌಂಟ್ ಅನ್ನೂ ಜೊತೆಗೇ ಬದಲಿಸಿಬಿಡಿ, ಅದರ ಬೆಲೆಗಿಂತ ಮತ್ತೆ ಬಿಚ್ಚುವ ಖರ್ಚೇ ಜಾಸ್ತಿ.

ನನ್ನ ಸ್ವಿಫ್ಟ್‌ನ ಹಿಂದಿನ ಶಾಕ್ ಇನ್ನೂ ಕಂಪನಿಯವೇ ಇವೆ. ಎಡಗಡೆಯದು ಸ್ವಲ್ಪ ಎಣ್ಣೆ ಬೆವರುತ್ತಿದೆ, ಹನಿ ಬೀಳುತ್ತಿಲ್ಲ. ಟೈರ್ ಸಮನಾಗಿದೆ. ದೀಪಾವಳಿವರೆಗೆ ಬಿಟ್ಟಿದ್ದೇನೆ. ಅವ್ವ ಇನ್ನೂ ಏನೂ ಅಂದಿಲ್ಲ.